ಹೂವಿಗೂ ಅಜ್ಜಿಯ ಮುಖಕ್ಕೂ ಒಂದೇ ಲೆನ್ಸ್ ಸಾಕಾ?

ಈ ಸಲ ಬಂದ ಪತ್ರಗಳಲ್ಲಿ ಮ್ಯಾಕ್ರೋ ಲೆನ್ಸ್, ಅಂದರೆ ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಮೀಸಲು. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಉಳಿದವರ ಅರ್ಧ ಪ್ರಶ್ನೆಗಳಿಗೆ ಅದರಲ್ಲೇ ಉತ್ತರ ಸಿಗುತ್ತದೆ.

ಪ್ರಶ್ನೆ: ಸರ್, ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಹತ್ತಿರ ಕ್ಯಾನನ್ 200ಡಿ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್ ಇದೆ. ಕಪ್ಪತಗುಡ್ಡದ ಸಣ್ಣ ಸಣ್ಣ ಹೂಗಳನ್ನು, ಅವುಗಳ ಮೇಲೆ ಕೂರುವ ಹುಳಗಳನ್ನು ತೆಗೆಯಬೇಕು ಅಂತ ಆಸೆ. ನಮ್ಮ ಅಜ್ಜಿಗೆ ತೊಂಬತ್ತು ದಾಟಿದೆ, ಅವರ ಮುಖದ ನಾಲ್ಕು ಒಳ್ಳೆಯ ಫೋಟೋಗಳೂ ಬೇಕು. ಎರಡು ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ಹುಬ್ಬಳ್ಳಿಯ ಅಂಗಡಿಯವರು 100 ಎಂಎಂ ಮ್ಯಾಕ್ರೋ ತಗೊಳ್ಳಿ ಅಂತಾರೆ. ನಮ್ಮ ಸೋದರಮಾವನ ಮಗ, ಮ್ಯಾಕ್ರೋ ಮುಖಕ್ಕೆ ಆಗಿಬರಲ್ಲ, ಸುಕ್ಕೆಲ್ಲ ಎದ್ದು ಕಾಣುತ್ತೆ ಅಂತಾನೆ. ಯಾರ ಮಾತು ಕೇಳಲಿ?
— ಉಪನ್ಯಾಸಕಿ, ಗದಗ

ಉತ್ತರ: ಮೇಡಂ, ಒಂದೇ ಲೆನ್ಸ್ ಸಾಕು. ಆದರೆ ಅಂಗಡಿಗೆ ಹೋಗುವ ಮುಂಚೆ ಒಂದು ಅಳತೆ ಟೇಪು ತೆಗೆದುಕೊಂಡು, ಅಜ್ಜಿ ದಿನಾ ಕೂರುವ ಜಾಗದಿಂದ ಎದುರಿನ ಗೋಡೆಗೆ ಎಷ್ಟು ಅಡಿ ಇದೆ ಅಂತ ಅಳೆಯಿರಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹೂವಿನ ಕಡೆಯಿಂದ ನೋಡೋಣ. ವಿಷ್ಣುಕ್ರಾಂತಿ ನಿಮಗೆ ಗೊತ್ತೇ ಇದೆ. ನೆಲಕ್ಕೆ ಅಂಟಿಕೊಂಡ ಗಿಡ, ನೀಲಿ ಹೂವು, ಅಗಲ ಏಳೆಂಟು ಮಿಲಿಮೀಟರ್ ಇದ್ದರೆ ಹೆಚ್ಚು. ನಿಮ್ಮ ಕ್ಯಾಮೆರಾದ ಸೆನ್ಸರ್, ಅಂದರೆ ಒಳಗೆ ಬಿಂಬ ಬೀಳುವ ಚಿಪ್, ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರ ಇದೆ. ಈಗಿನ 18-55 ಲೆನ್ಸಿನಲ್ಲಿ ಎಷ್ಟೇ ಹತ್ತಿರ ಹೋದರೂ ಹೂವಿನ ನಾಲ್ಕನೇ ಒಂದು ಭಾಗದಷ್ಟು ಬಿಂಬ ಮಾತ್ರ ಸೆನ್ಸರ್ ಮೇಲೆ ಬೀಳುತ್ತದೆ. ಅಂದರೆ ಎರಡು ಮಿಲಿಮೀಟರ್ ಚುಕ್ಕೆ. ಅಸಲಿ ಮ್ಯಾಕ್ರೋ ಲೆನ್ಸ್ ಅಂದರೆ 1:1. ಎಂಟು ಮಿ.ಮೀ. ಹೂವು ಸೆನ್ಸರ್ ಮೇಲೂ ಎಂಟು ಮಿ.ಮೀ. ಇರುತ್ತದೆ, ಚಿತ್ರದ ಎತ್ತರದ ಅರ್ಧವನ್ನು ಅದೇ ತುಂಬುತ್ತದೆ. ಕೇಸರದ ತುದಿಯ ಪರಾಗವೂ ಕಾಣತೊಡಗುತ್ತದೆ. ಪಾಠಕ್ಕೆ ನಿಮಗೆ ಬೇಕಾಗಿರುವುದು ಇದೇ ಅಲ್ವಾ?

ಈಗ ಗಮನಿಸಿ. ಲೆನ್ಸಿನ ಎಂಎಂ ಸಂಖ್ಯೆ ಅಂದರೆ ಅದರ ಫೋಕಲ್ ಲೆಂಗ್ತ್, ಅದು ಹೆಚ್ಚಿದಷ್ಟೂ ನೋಟ ಕಿರಿದು. ಕ್ಯಾನನ್‌ನ 35, 60, 100 ಈ ಮೂರೂ ಮ್ಯಾಕ್ರೋ ಲೆನ್ಸುಗಳು 1:1 ಕೊಡುತ್ತವೆ. ಬೇರೆ ಕಂಪನಿಯ ಟ್ಯಾಮ್ರಾನ್ 90 ಕೂಡ ಕೊಡುತ್ತದೆ. ಹೂವು ನಾಲ್ಕರಲ್ಲೂ ಅಷ್ಟೇ ದೊಡ್ಡದಾಗಿ ಬರುತ್ತದೆ. 100 ಅಂದರೆ ಜಾಸ್ತಿ ದೊಡ್ಡದು ಕಾಣುತ್ತದೆ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಅಷ್ಟು ದೊಡ್ಡದು ಮಾಡೋಕೆ ಹೂವಿಗೆ ಎಷ್ಟು ಹತ್ತಿರ ಹೋಗಬೇಕು ಅನ್ನೋದರಲ್ಲಿ ಇರುವುದು ವ್ಯತ್ಯಾಸ. 35ರಲ್ಲಿ ಲೆನ್ಸಿನ ಮೂತಿಗೂ ಹೂವಿಗೂ ನಡುವೆ ಮೂರು ಸೆಂಟಿಮೀಟರ್ ಉಳಿಯುತ್ತದೆ. 60ರಲ್ಲಿ ಒಂಬತ್ತರ ಹತ್ತಿರ. 100ರಲ್ಲಿ, ಟ್ಯಾಮ್ರಾನ್ 90ರಲ್ಲಿ ಹದಿಮೂರು ಸೆಂ.ಮೀ. ಅಥವಾ ಸ್ವಲ್ಪ ಜಾಸ್ತಿ, ಅಂದರೆ ಐದು ಇಂಚು. ಡಬ್ಬಿಯ ಮೇಲೆ 30 ಸೆಂ.ಮೀ. ಅಂತ ಬರೆದಿರುತ್ತಾರೆ, ಅದನ್ನು ನೋಡಿ ಮೋಸ ಹೋಗಬೇಡಿ. ಆ ಲೆಕ್ಕ ಸೆನ್ಸರಿನಿಂದ ಶುರು. ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಸಣ್ಣ ವೃತ್ತ, ಅದರ ನಡುವೆ ಒಂದು ಗೆರೆ ಇರುತ್ತದೆ ನೋಡಿ, ಅಳತೆ ಅಲ್ಲಿಂದ. ಲೆನ್ಸಿನ ಉದ್ದವೂ ಅದರಲ್ಲೇ ಸೇರಿಹೋಗುತ್ತದೆ.

ತುಂಬೆ ಹೂವಿನ ಮೇಲೆ ಜೇನು ಕೂತಿದೆ ಅಂದುಕೊಳ್ಳಿ. ಮೂರು ಸೆಂಟಿಮೀಟರಿಗೆ ಹೋದರೆ ಮೊದಲು ಲೆನ್ಸಿನ ನೆರಳು ಹೂವಿನ ಮೇಲೆ ಬೀಳುತ್ತದೆ. ಆಮೇಲೆ ಪಕ್ಕದ ಎಲೆಗೆ ಲೆನ್ಸ್ ತಾಗಿ ಗಿಡ ಅಲುಗುತ್ತದೆ. ಜೇನು ಅಷ್ಟರಲ್ಲಿ ಹಾರಿಹೋಗಿರುತ್ತದೆ. ಐದು ಇಂಚು ದೂರ ಇದ್ದರೆ ಬೆಳಕಿಗೆ ಜಾಗ ಸಿಗುತ್ತದೆ, ಹುಳಕ್ಕೂ ಗಾಬರಿ ಕಡಿಮೆ. ಹಿನ್ನೆಲೆಯೂ ಚೆನ್ನಾಗಿ ಬರುತ್ತದೆ, ಯಾಕಂದರೆ ಉದ್ದ ಲೆನ್ಸಿನ ನೋಟ ಕಿರಿದು, ಹಿಂದಿನ ಒಣಹುಲ್ಲು, ಕಲ್ಲು ಚಿತ್ರದೊಳಗೆ ಕಡಿಮೆ ನುಗ್ಗುತ್ತವೆ. ಹೂವು, ಹುಳದ ಮಟ್ಟಿಗೆ ಅಂಗಡಿಯವರು ಹೇಳಿದ್ದು ಸರಿ. 90 ಅಥವಾ 100.

ಇನ್ನು ಅಜ್ಜಿಯ ಕಡೆ ಬರೋಣ. ಇಲ್ಲಿ ಲೆಕ್ಕ ತಿರುಗುತ್ತದೆ. ನಿಮ್ಮದು ಸಣ್ಣ ಸೆನ್ಸರ್. ಅದರ ಮೇಲೆ 100 ಎಂಎಂ ಹಾಕಿದರೆ ನೋಟ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 160 ಎಂಎಂ ಲೆನ್ಸ್ ಹಾಕಿದಷ್ಟು ಕಿರಿದಾಗುತ್ತದೆ. ತಲೆಯಿಂದ ಎದೆಯವರೆಗೆ, ಅಂದರೆ ಸುಮಾರು ಎರಡು ಅಡಿ ಎತ್ತರದ ಚಿತ್ರ ಬೇಕು ಅಂದರೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದು ಒಂಬತ್ತು ಅಡಿ ದೂರದಲ್ಲಿ ನಿಲ್ಲಬೇಕು. ಸೊಂಟದವರೆಗೆ ಬೇಕು ಅಂದರೆ ಹದಿಮೂರು ಅಡಿ ದಾಟುತ್ತದೆ. ಅದೇ 60ರಲ್ಲಿ ಐದೂವರೆ ಅಡಿ ಮತ್ತು ಎಂಟು ಅಡಿ ಸಾಕು. ಹತ್ತು ಬೈ ಹನ್ನೆರಡರ ಕೋಣೆ, ಅದರಲ್ಲೊಂದು ಮಂಚ, ಒಂದು ತಿಜೋರಿ. 100 ಹಿಡಿದವರು ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅಜ್ಜಿಯ ಕೈ ಚಿತ್ರದೊಳಗೆ ಬರುವುದಿಲ್ಲ. ನನಗೆ ಕೈ ಇಲ್ಲದ ಅಜ್ಜಿಯ ಫೋಟೋ ಅರ್ಧ ಫೋಟೋ ಅನಿಸುತ್ತದೆ. ಜೋಳದ ರೊಟ್ಟಿ ಬಡಿದ ಕೈಗಳವು, ಬಿಡೋದು ಹೇಗೆ?

35 ಹಾಕಿದರೆ ಮೂರಡಿಯಲ್ಲೇ ಎದೆಯವರೆಗೆ ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ. ಆದರೆ ಮೂರಡಿಯಿಂದ ನೋಡಿದ ಮುಖದಲ್ಲಿ ಮೂಗು ದೊಡ್ಡದು, ಕಿವಿ ಸಣ್ಣದು. ಇದು ಲೆನ್ಸಿನ ತಪ್ಪಲ್ಲ, ನಾವು ನಿಂತ ದೂರದ ಪರಿಣಾಮ. ಐದಾರು ಅಡಿ ಹಿಂದೆ ಸರಿದರೆ ಮುಖ ನಾವು ದಿನಾ ನೋಡುವ ಹಾಗೆ ಕಾಣುತ್ತದೆ.

ನಿಮ್ಮ ಸೋದರಮಾವನ ಮಗನ ಮಾತಿಗೆ ಬರುತ್ತೇನೆ. ಮ್ಯಾಕ್ರೋ ಲೆನ್ಸ್ ತುಂಬ ಶಾರ್ಪ್ ಅನ್ನೋದು ನಿಜ. ಆದರೆ ಸುಕ್ಕು ಎದ್ದು ಕಾಣೋದಕ್ಕೆ ಮುಖ್ಯ ಕಾರಣ ಬೆಳಕು. ಹಳೇ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಬಿಸಿಲು ನೆತ್ತಿಯ ಮೇಲೆ ನೇರ ಬೀಳುತ್ತದೆ. ಅದರ ಕೆಳಗೆ ಕೂರಿಸಿದರೆ ಕಣ್ಣಿನ ಗುಳಿ ಕಪ್ಪಾಗಿ, ಪ್ರತಿ ಸುಕ್ಕಿಗೂ ಒಂದು ನೆರಳು ಸೇರಿಕೊಳ್ಳುತ್ತದೆ. ಯಾವ ಲೆನ್ಸ್ ಇದ್ದರೂ ಅಷ್ಟೇ. ಅಜ್ಜಿಯನ್ನು ಬಾಗಿಲ ಒಳಗೆ, ಹೊಸ್ತಿಲಿಂದ ಎರಡು ಅಡಿ ಈಚೆ, ಹೊರಗಿನ ನೆರಳಿಗೆ ಮುಖ ಮಾಡಿ ಕೂರಿಸಿ. ನೀವು ಅಂಗಳಕ್ಕೆ ಇಳಿದು ನಿಲ್ಲಿ. ಬೆಳಕು ಮುಖದ ತುಂಬ ಸಮನಾಗಿ ಹರಡುತ್ತದೆ. ಸುಕ್ಕು ಇರುತ್ತದೆ, ಇರಲಿ ಬಿಡಿ, ತೊಂಬತ್ತು ವರ್ಷದ ಮುಖ ಅದು. ಆದರೆ ಮೊದಲು ಕಾಣೋದು ಕಣ್ಣು. ಇನ್ನೊಂದು ಲಾಭ ನೋಡಿದಿರಾ? ನೀವು ಅಂಗಳದಲ್ಲಿ ನಿಂತದ್ದಕ್ಕೆ ಒಂಬತ್ತು ಅಡಿ ಸುಮ್ನೆ ಸಿಕ್ಕಿಬಿಟ್ಟಿತು.

ಎಫ್ ಸಂಖ್ಯೆ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ (ಅಪರ್ಚರ್) ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಈ ಲೆನ್ಸುಗಳ ಎಫ್ 2.8 ಮುಖಕ್ಕೆ ಸಾಲುತ್ತದಾ, 1.8 ಬೇಡವಾ ಅಂತ ಅನುಮಾನ ಬೇಡ. ಎದೆಯವರೆಗಿನ ಚಿತ್ರದಲ್ಲಿ 2.8ಕ್ಕೆ ಸುಮಾರು ಎಂಟು ಸೆಂ.ಮೀ. ಆಳದಷ್ಟು ಸ್ಪಷ್ಟವಾಗಿರುತ್ತದೆ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿದರೆ ಕಣ್ಣು, ಮೂಗು, ಬಾಯಿ ಖಚಿತ, ಕಿವಿಯ ಹೊತ್ತಿಗೆ ಮೆತ್ತಗಾಗುತ್ತದೆ. ಅಷ್ಟು ಸಾಕು. ಅದೇ ಲೆನ್ಸು, ಅದೇ 2.8ರಲ್ಲಿ ವಿಷ್ಣುಕ್ರಾಂತಿಯನ್ನು 1:1ರಲ್ಲಿ ತೆಗೆದರೆ ಸ್ಪಷ್ಟವಾಗಿರುವುದು 0.2 ಮಿಲಿಮೀಟರ್ ಮಾತ್ರ. ಒಂದು ಕೇಸರ ಸಿಕ್ಕರೆ ಪಕ್ಕದ್ದು ಮಸುಕು. ಅದಕ್ಕೇ ಹೂವಿಗೆ ಎಫ್ 8, ಎಫ್ 11 ಬೇಕು. ಎಫ್ 11ರಲ್ಲೂ ಒಂದು ಮಿ.ಮೀ. ತುಂಬುವುದಿಲ್ಲ. 16, 22ಕ್ಕೆ ಹೋಗಬೇಡಿ, ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರವೇ ಮಂಕಾಗತೊಡಗುತ್ತದೆ. 1:1ರಲ್ಲಿ ಸುಮಾರು ಎರಡು ಸ್ಟಾಪ್ ಬೆಳಕು ಬೇರೆ ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ ಆದಂತೆ). ಕ್ಯಾನನ್ ಕ್ಯಾಮೆರಾ ಅದನ್ನು ಎಫ್ ಸಂಖ್ಯೆಯಲ್ಲಿ ತೋರಿಸುವುದಿಲ್ಲ, ಶಟರ್ ನಿಧಾನ ಆಗುತ್ತದೆ ಅಷ್ಟೇ.

ಗದಗದ ಗಾಳಿಯ ಬಗ್ಗೆ ನಿಮಗೆ ನಾನು ಹೇಳಬೇಕಾ? ಸುಮ್ನೆ ಆ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿಲ್ಲ. ಆಷಾಢದಲ್ಲಿ ಹತ್ತು ಗಂಟೆ ದಾಟಿದರೆ ಹೂವು ನಿಲ್ಲೋದೇ ಇಲ್ಲ. ಬೆಳಗ್ಗೆ ಬೇಗ ಹೋಗಿ. ಒಂದು ಫ್ಲ್ಯಾಶ್ ಇಟ್ಟುಕೊಳ್ಳಿ, ಅದರ ಮುಂದೆ ಟ್ರೇಸಿಂಗ್ ಪೇಪರ್ ಎರಡು ಪದರ ಹಚ್ಚಿ. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಇಷ್ಟು ಹತ್ತಿರದಲ್ಲಿ ಕೆಲಸಕ್ಕೆ ಬರೋದಿಲ್ಲ, ಲೆನ್ಸಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ. ಹಿನ್ನೆಲೆ ಚೆನ್ನಾಗಿ ಬರಲಿ ಅಂತ ಪಕ್ಕದ ಗಿಡ ಕೀಳುವವರನ್ನು ನೋಡಿದ್ದೇನೆ. ನೀವು ಹಾಗೆ ಮಾಡೋರಲ್ಲ, ಆದರೆ ಜೊತೆಗೆ ಬರುವ ಮಕ್ಕಳಿಗೆ ಮೊದಲೇ ಹೇಳಿ. ಹುಲ್ಲಿನ ಎಸಳು ಅಡ್ಡ ಬಂದರೆ ಬಟ್ಟೆ ಕ್ಲಿಪ್ಪಿನಿಂದ ಆಚೆ ಹಿಡಿದಿಟ್ಟು, ಕೆಲಸ ಆದಮೇಲೆ ಬಿಟ್ಟರಾಯಿತು.

ಹಾಗಾದರೆ ಯಾವುದು ಕೊಳ್ಳಬೇಕು? ಅಜ್ಜಿಯನ್ನು ಅಂಗಳ, ಕಟ್ಟೆಯ ಕಡೆ ಕರೆತರೋಕೆ ಆಗುತ್ತದೆ ಅಂದರೆ 100 ಅಥವಾ ಟ್ಯಾಮ್ರಾನ್ 90. ಅವರು ಹಾಸಿಗೆ ಬಿಟ್ಟು ಏಳೋದಿಲ್ಲ, ಕೋಣೆಯಲ್ಲೇ ತೆಗೆಯಬೇಕು ಅಂದರೆ 60. ಇದರ ನಡುವೆ ನನ್ನ ಒಲವು 100ರ ಕಡೆಗೆ. ಒಂದು ಕಾರಣ ಹುಳಗಳು. ಇನ್ನೊಂದು, ಕ್ಯಾನನ್‌ನ 60 ಸಣ್ಣ ಸೆನ್ಸರಿಗೆ ಮಾತ್ರ ಮಾಡಿದ್ದು. ಮುಂದೆ ಫುಲ್‌ಫ್ರೇಮ್ ತಗೊಂಡರೆ 100 ಜೊತೆಗೆ ಬರುತ್ತದೆ, ಅಡಾಪ್ಟರ್ ಹಾಕಿದರೆ ಕ್ಯಾನನ್‌ನ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ನಡೆಯುತ್ತದೆ. ಕ್ಯಾನನ್ 100ರಲ್ಲಿ ಐಎಸ್ (ಕೈನಡುಕ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯದು 2000ದಲ್ಲಿ ಬಂತು, ಐಎಸ್ ಇರುವ ಎಲ್ (ಕ್ಯಾನನ್ನಿನ ಮೇಲ್ದರ್ಜೆಯ) ಲೆನ್ಸ್ 2009ರಲ್ಲಿ. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಹಳೆಯದೂ ಒಳ್ಳೆಯದೇ. ಟಾರ್ಚ್ ಬೆಳಕು ಹಾಯಿಸಿ ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯಾ ನೋಡಿ. ಇದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗ ಆಗಲಿ. ಮುಖ ತೆಗೆಯುವಾಗ ಲೆನ್ಸ್ ಪಕ್ಕದ ಫೋಕಸ್ ಲಿಮಿಟ್ ಸ್ವಿಚ್ಚನ್ನು ದೂರದ ಕಡೆ ಇಡಿ. ಇಲ್ಲಾಂದ್ರೆ ಫೋಕಸ್ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತ ಕೂರುತ್ತದೆ. ಅಷ್ಟರಲ್ಲಿ ಅಜ್ಜಿ ನಕ್ಕು ಮುಗಿಸಿರುತ್ತಾರೆ.

ಪ್ರಶ್ನೆ: ನಾವು ನಾಲ್ಕು ಜನ ಹೆಣ್ಣುಮಕ್ಕಳು ಸೇರಿ ಇಳಕಲ್ ಸೀರೆಗೆ ಕಸೂತಿ ಹಾಕಿ ಮಾರುತ್ತೇವೆ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಹೊಲಿಗೆ ಪ್ರಿಂಟ್ ಹಾಕಿದಂಗೆ ಕಾಣುತ್ತದೆ, ಕೈಕೆಲಸ ಅಂತ ಯಾರೂ ನಂಬೋದಿಲ್ಲ. ನಿಕಾನ್ ಡಿ3500 ಇದೆ. ಯಾವ ಲೆನ್ಸ್? ಸೀರೆ ಉಟ್ಟವರ ಫೋಟೋನೂ ತೆಗೆಯಬೇಕು.
— ಕಸೂತಿ ಮಾಡುವವರು, ಹುಬ್ಬಳ್ಳಿ

ಉತ್ತರ: ಅಕ್ಕಾವರೇ, ನಿಮಗೆ 100ರ ಖರ್ಚು ಬೇಡ. ಬಟ್ಟೆ ಹಾರಿಹೋಗೋದಿಲ್ಲ. ನಿಕಾನ್ 40 ಎಂಎಂ ಎಫ್ 2.8 ಸಾಕು. ನಿಕಾನ್‌ನವರು ಮ್ಯಾಕ್ರೋ ಲೆನ್ಸಿಗೆ ‘ಮೈಕ್ರೋ’ ಅಂತ ಬರೆಯುತ್ತಾರೆ, ಅದನ್ನು ನೋಡಿ ಗೊಂದಲ ಆಗಬೇಡಿ. ಹೆಸರಿನಲ್ಲಿ ಎಎಫ್-ಎಸ್ ಇರಲೇಬೇಕು. ಡಿ3500ರ ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೇ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕಾಗುತ್ತದೆ.

ಪ್ರಿಂಟ್ ಹಾಗೆ ಕಾಣೋದಕ್ಕೆ ಕಾರಣ ಎದುರು ಬೆಳಕು. ಸೀರೆಯನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಹರವಿ, ಬೇರೆ ದೀಪ ಎಲ್ಲ ಆರಿಸಿ. ಬೆಳಕು ಒಂದೇ ಕಡೆಯಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವ ಹಾಗೆ ಬರಲಿ. ಆಗ ಪ್ರತಿ ಎಳೆಯೂ ಉಬ್ಬಿ ನಿಲ್ಲುತ್ತದೆ. ನೇಯ್ಗಿ ಹೊಲಿಗೆಯಲ್ಲಿ ದಾರ ಹೇಗೆ ಓಡಿದೆ, ಮೆಂತೆ ಹೊಲಿಗೆಯಲ್ಲಿ ಹೇಗೆ ಅಡ್ಡ ಬಿದ್ದಿದೆ ಅನ್ನೋದು ಬೇರೆ ಬೇರೆಯಾಗಿ ಕಾಣುತ್ತದೆ. ಗವಂತಿ, ಮುರ್ಗಿ ಹೊಲಿಗೆಗಳು ಗಂಟಿಲ್ಲದೆ ಎರಡೂ ಮಗ್ಗಲು ಒಂದೇ ಥರ ಬರುತ್ತವಲ್ಲ, ಸೆರಗಿನ ಒಂದು ಮೂಲೆ ಮಡಚಿ ಹಿಂದಿನ ಮಗ್ಗಲನ್ನೂ ಅದೇ ಚಿತ್ರದಲ್ಲಿ ತೋರಿಸಿ. ಕೈಕೆಲಸ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಆ ಒಂದು ಫೋಟೋಗೆ ನಿಮ್ಮ ಬೆಲೆ ಹೇಳುವ ಧೈರ್ಯ ಬರುತ್ತದೆ.

ಕ್ಯಾಮೆರಾ ಬಟ್ಟೆಗೆ ಸಮಾನಾಂತರ ಇರಬೇಕು. ಸ್ವಲ್ಪ ವಾಲಿದರೂ ಕಸೂತಿಯ ಗೋಪುರದ ಚಿತ್ತಾರದ ಒಂದು ಪಕ್ಕ ಖಚಿತ, ಇನ್ನೊಂದು ಮಸುಕು. ಇದಕ್ಕೊಂದು ಸುಲಭ ಉಪಾಯ ಇದೆ. ಸೀರೆಯ ಮೇಲೆ ಒಂದು ಸಣ್ಣ ಕನ್ನಡಿ ಇಟ್ಟು ಕ್ಯಾಮೆರಾದಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ಸಮ ಇದೆ ಅಂತ ಅರ್ಥ. ಕನ್ನಡಿ ತೆಗೆದು, ಎಫ್ 8 ಇಟ್ಟು ಕ್ಲಿಕ್ ಮಾಡಿ.

ಸೀರೆ ಉಟ್ಟವರಿಗೂ ಇದೇ ಲೆನ್ಸ್ ಆಗುತ್ತದೆ. ಹತ್ತು ಅಡಿಯಲ್ಲಿ ಪೂರ್ತಿ ನಿಲುವು ಬರುತ್ತದೆ. ಮುಖವಷ್ಟೇ ತುಂಬಿಸೋಕೆ ಮಾತ್ರ ಹತ್ತಿರ ಹೋಗಬೇಡಿ. ನಿಮ್ಮ ಚಿತ್ರಕ್ಕೆ ಮುಖ್ಯ ಸೀರೆ, ಸ್ವಲ್ಪ ದೂರವೇ ಇರಿ.

ಪ್ರಶ್ನೆ: ಅಣ್ಣಾ, ನಾನು ಬಿಎಸ್ಸಿ ಎರಡನೇ ವರ್ಷ. ನಮ್ಮ ಹೊಲದ ಮೆಣಸಿನ ಗಿಡಕ್ಕೆ ಮುಟುರು ಬಂದಿದೆ. ಎಲೆಯ ಹಿಂದಿನ ಥ್ರಿಪ್ಸ್ ಹುಳ ಫೋಟೋ ತೆಗೆದು ನಮ್ಮ ಸರ್‌ಗೆ ತೋರಿಸಬೇಕು. ಹಳೇ ಕ್ಯಾನನ್ ಕ್ಯಾಮೆರಾ, 50 ಎಂಎಂ 1.8 ಲೆನ್ಸ್ ಇದೆ. ಮ್ಯಾಕ್ರೋ ಕೊಳ್ಳೋಕೆ ಆಗಲ್ಲ.
— ವಿದ್ಯಾರ್ಥಿ, ಬ್ಯಾಡಗಿ

ಉತ್ತರ: ತಮ್ಮಾ, ಕೊಳ್ಳೋದು ಬೇಡವೇ ಬೇಡ. ಥ್ರಿಪ್ಸ್ ಒಂದು ಮಿಲಿಮೀಟರ್ ಉದ್ದ ಇರುತ್ತದೆ, ಅದಕ್ಕೆ 1:1 ಮ್ಯಾಕ್ರೋ ಕೂಡ ಸಾಲದು. ನೀನು ಎಕ್ಸ್‌ಟೆನ್ಷನ್ ಟ್ಯೂಬ್ ತಗೋ. ಒಳಗೆ ಗಾಜು ಇರದ ಖಾಲಿ ಬಳೆಗಳು ಅವು. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕೋದು. ಲೆಕ್ಕ ಸುಲಭ, ಟ್ಯೂಬಿನ ಉದ್ದವನ್ನು ಲೆನ್ಸಿನ ಎಂಎಂನಿಂದ ಭಾಗಿಸು. 12, 20, 36 ಮಿ.ಮೀ. ಇರುವ ಮೂರರ ಸೆಟ್ ಸಿಗುತ್ತದೆ. ಮೂರೂ ಸೇರಿದರೆ 68. 50ರಿಂದ ಭಾಗಿಸಿದರೆ 1.36. ಅಂದರೆ ಹುಳ ಇರೋದಕ್ಕಿಂತ ದೊಡ್ಡದಾಗಿ ಸೆನ್ಸರ್ ಮೇಲೆ ಬೀಳುತ್ತದೆ. ಲೆನ್ಸನ್ನು ಅದರ ಹತ್ತಿರದ ಫೋಕಸ್ಸಿಗೆ ತಿರುಗಿಸಿದರೆ ಇನ್ನೂ ಸ್ವಲ್ಪ ಜಾಸ್ತಿ.

ಒಂದು ವಿಷಯ ಮರೆಯಬೇಡ. ಟ್ಯೂಬಿನಲ್ಲಿ ವಿದ್ಯುತ್ ಸಂಪರ್ಕದ ಚಿನ್ನದ ಬಣ್ಣದ ಚುಕ್ಕೆಗಳು ಇರಬೇಕು. ಇಲ್ಲದ್ದು ತೀರಾ ಅಗ್ಗ, ಆದರೆ ಕ್ಯಾನನ್ ಲೆನ್ಸಿನ ಅಪರ್ಚರ್ ಬದಲಿಸೋಕೆ ಆಗೋದಿಲ್ಲ. 1.8ರಲ್ಲೇ ಸಿಕ್ಕಿಕೊಂಡರೆ ಹುಳದ ಮೀಸೆ ಬಿಟ್ಟು ಏನೂ ಸ್ಪಷ್ಟ ಬರಲ್ಲ. ಟ್ಯೂಬ್ ಹಾಕಿದಾಗ ದೂರದ ವಸ್ತುವಿಗೆ ಫೋಕಸ್ ಆಗೋದಿಲ್ಲ, ಕೆಟ್ಟಿದೆ ಅಂದುಕೊಳ್ಳಬೇಡ. ತೆಗೆದರೆ ಅದೇ 50 ನಿನ್ನ ಅಪ್ಪ ಅವ್ವನ ಫೋಟೋಗೆ ಒಳ್ಳೆಯ ಲೆನ್ಸ್. ಹೊಲದಲ್ಲಿ ಒದ್ದಾಡಬೇಡ. ಸುರುಳಿಯಾದ ತುದಿ ಎಲೆ ಕಿತ್ತು ಡಬ್ಬಿಯಲ್ಲಿ ಹಾಕಿ ಮನೆಗೆ ತಂದು, ಬಿಳಿ ಕಾಗದದ ಮೇಲೆ ತಟ್ಟು. ಹುಳಗಳು ಉದುರುತ್ತವೆ. ಕಿಟಕಿ ಹತ್ತಿರ, ಎಫ್ 8. ಔಷಧಿ ಹೊಡೆಯೋದನ್ನು ನಿಮ್ಮ ಸರ್ ನೋಡಿ ಹೇಳಿದ ಮೇಲೆ ತೀರ್ಮಾನ ಮಾಡಿ.

ಪ್ರಶ್ನೆ: 70-300 ಜೂಮ್ ಲೆನ್ಸ್ ಮೇಲೆ ‘ಮ್ಯಾಕ್ರೋ’ ಅಂತ ಬರೆದಿದೆ. ಇದೇ ಸಾಕಲ್ಲ?
— ಲಕ್ಷ್ಮೇಶ್ವರ

ಉತ್ತರ: ಚಿಟ್ಟೆಗೆ ಸಾಕು, ಇರುವೆಗೆ ಸಾಲದು. ಜೂಮ್ ಮೇಲೆ ಬರೆದ ಮ್ಯಾಕ್ರೋ ಹೆಚ್ಚೆಂದರೆ 1:2, ಅಂದರೆ ಅರ್ಧ. ಲೆನ್ಸಿನ ಮೇಲೆ 1:1 ಅಂತ ಇದೆಯಾ ನೋಡಿ.

ಪ್ರಶ್ನೆ: ಮಿರಗ ಮಳೆಗೆ ಹೊಲದಲ್ಲಿ ಏಳುವ ಕೆಂಪು ಮಖಮಲ್ ಹುಳ ತೆಗೆಯಬೇಕು. ಐಎಸ್ ಇರುವ 100 ಎಂಎಂ ಇದೆ. ಟ್ರೈಪಾಡ್ ಬೇಕಾ?
— ಕೆಲಗೇರಿ, ಧಾರವಾಡ

ಉತ್ತರ: ಟ್ರೈಪಾಡ್ ಬೇಡ. ಹುಳ ನಡೆಯುತ್ತಲೇ ಇರುತ್ತದೆ, ನೀವು ಕಾಲು ಸರಿಪಡಿಸುವುದರಲ್ಲಿ ಅದು ಮಣ್ಣಿನ ಬಿರುಕಿಗೆ ಇಳಿದಿರುತ್ತದೆ. ಐಎಸ್ ನಂಬಿ ಬರಿಗೈಯಲ್ಲೂ ಹೋಗಬೇಡಿ. ನಿಮ್ಮದು ಎಲ್ ಲೆನ್ಸ್ ಆದರೆ, ಮಾಮೂಲು ದೂರದಲ್ಲಿ ನಾಲ್ಕು ಸ್ಟಾಪ್ ಅಂತ ಕ್ಯಾನನ್ ಹೇಳುತ್ತದೆ, 1:1ರಲ್ಲಿ ಅದು ಎರಡಕ್ಕೆ ಇಳಿಯುತ್ತದೆ. ಅದೂ ಅಕ್ಕಪಕ್ಕದ ನಡುಕಕ್ಕೆ. ಉಸಿರಾಡುವಾಗ ಮೈ ಹಿಂದೆ ಮುಂದೆ ತೂಗುತ್ತದಲ್ಲ, ಅದನ್ನು ಯಾವ ಐಎಸ್ಸೂ ತಡೆಯೋದಿಲ್ಲ. ಫೋಕಸ್ ತಪ್ಪೋದು ಅಲ್ಲೇ.

ಒಂದು ಗಟ್ಟಿ ಬಟ್ಟೆ ಚೀಲದಲ್ಲಿ ಮುಕ್ಕಾಲು ಭಾಗ ಜೋಳ ತುಂಬಿ ಬಾಯಿ ಹೊಲಿಯಿರಿ. ಅದನ್ನು ನೆಲಕ್ಕಿಟ್ಟು, ಮೇಲೆ ಲೆನ್ಸ್ ಕೂರಿಸಿ, ನೀವು ಹೊಟ್ಟೆ ಮೇಲೆ ಮಲಗಿ. ಎರೆ ಮಣ್ಣು ಹಸಿ ಇರುತ್ತದೆ, ಗೊಬ್ಬರದ ಖಾಲಿ ಚೀಲ ಹಾಸಿಕೊಳ್ಳಿ. ಫೋಕಸ್ಸನ್ನು ಕೈಯಿಂದ ಒಂದು ಕಡೆ ನಿಲ್ಲಿಸಿ, ಹುಳ ನಡೆದು ಬರುವ ದಾರಿಗೆ ಮುಂಚೆಯೇ ಗುರಿ ಇಡಿ. ಅದು ಸ್ಪಷ್ಟವಾಗುವ ಹೊತ್ತಿಗೆ ನಾಲ್ಕೈದು ಕ್ಲಿಕ್ ಒಟ್ಟಿಗೆ. ಆ ಕೆಂಪು ತುಂಬ ಗಾಢ, ಕ್ಯಾಮೆರಾ ಅದರ ರೋಮಗಳನ್ನೆಲ್ಲ ಒಂದೇ ಬಣ್ಣದ ಮುದ್ದೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪಿನಷ್ಟು ಇಳಿಸಿ, ರಾ (ಕ್ಯಾಮೆರಾ ತಿದ್ದದ ಕಚ್ಚಾ) ಫೈಲಿನಲ್ಲಿ ತೆಗೆಯಿರಿ. ಮೋಡ ಮುಸುಕಿದ ಬೆಳಗ್ಗೆ ಸಿಕ್ಕರೆ ಫ್ಲ್ಯಾಶೇ ಬೇಡ. ಹುಳಕ್ಕೆ ಎಂಟು ಕಾಲು, ಅದು ಜೇಡನ ಬಳಗದ್ದು. ಎಂಟೂ ಕಾಣುವ ಹಾಗೆ ಸ್ವಲ್ಪ ಮೇಲಿನಿಂದ ಒಂದು, ಕಣ್ಣಿನ ಮಟ್ಟದಿಂದ ಒಂದು ತೆಗೆದು ಕಳಿಸಿ.